ಚಿಗರಿಯ ಬೇನೆ, ನಮ್ಮ ಬಟವಾಡೆ

ನಾನು ಬನಹಟ್ಟಿಯಲ್ಲಿ ಮಂದಿಯ ಮಗ್ಗದ ಮೇಲೆ ಸೀರೆ ನೇಯುವವನು. ಪಾವರ್‌ಲೂಮ್ ಮಾಲೀಕರದು, ದುಡಿಮೆ ನನ್ನದು. ಸೀರೆಗೆ ಇಷ್ಟು ಅಂತ ಮಜೂರಿ, ವಾರಕ್ಕೊಮ್ಮೆ ಬಟವಾಡೆ. ಕರೆಂಟು ಹೋದರೆ, ಬೀಮು ತೀರಿದರೆ, ಮೈಗೆ ಆರಾಮಿಲ್ಲದಿದ್ದರೆ ಆ ವಾರದ ಬಟವಾಡೆ ಅಷ್ಟಕ್ಕಷ್ಟೆ. ಅವ್ವ ಮತ್ತು ಹೆಂಡತಿ ಮನೆಯಲ್ಲೇ ಕೂತು ಕಂಡಿಕೆ ಸುತ್ತುತ್ತಾರೆ. ಮಕ್ಕಳಿಬ್ಬರು ಸಾಲಿಗೆ ಹೋಗುತ್ತಾರೆ. ಇವರೆಲ್ಲರ ಜೊತೆಗೆ ಚಿಗರಿ, ಮುಧೋಳ ತಳಿಯ ಹೆಣ್ಣು ನಾಯಿ. 2022ರ ದೀಪಾವಳಿಯ ಆಸುಪಾಸಿನಲ್ಲಿ ಅದು ಬೇನೆ ಬಿತ್ತು. ಆಗ ಮನೆಯಲ್ಲಿ ನಡೆದ ಮಾತು, ಹೊಂದಿಸಿದ ರೊಕ್ಕ, ಅಲೆದ ದಾರಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ಚಿಗರಿ ಬಂದದ್ದು ಮುಧೋಳ ತಾಲ್ಲೂಕಿನ ಹಳ್ಳಿಯಲ್ಲಿರುವ ಸೋದರಮಾವನ ಮನೆಯಿಂದ. ಆ ಕಡೆ ಈ ನಾಯಿ ಸಾಕುವುದು ಬರೀ ಪ್ರೀತಿಗಲ್ಲ. ಹೊಲ, ಕಬ್ಬಿನ ಗದ್ದೆ ಕಾಯುತ್ತದೆ, ಮರಿ ಹಾಕಿದರೆ ನಾಲ್ಕು ಕಾಸು ಆಗುತ್ತದೆ. ಮುಧೋಳದ ರಾಜರು ಮಾಲೋಜಿರಾವ್ ಘೋರ್ಪಡೆ ಬೇಡರ ಬೇಟೆನಾಯಿಗಳನ್ನು ಕಂಡು ಮೆಚ್ಚಿ ತಳಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು ಎಂಬ ಕಥೆ ನಮ್ಮಲ್ಲಿ ಸಣ್ಣ ಹುಡುಗರಿಗೂ ಗೊತ್ತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಈ ನಾಯಿ ಬಂತು. 2016ರಲ್ಲಿ ಸೈನ್ಯದವರು ತರಬೇತಿಗೆಂದು ಮರಿಗಳನ್ನು ಮೀರತ್‌ಗೆ ಒಯ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ತಳಿ ಉಳಿಸುವುದು, ಮರಿ ಕೊಡುವುದು ಅದರ ಕೆಲಸ. ಹೀಗೆ ನಾಯಿಯ ಹೆಸರು ದಿಲ್ಲಿಗೆ ಮುಟ್ಟಿದೆ. ಸಾಕುವವರು ಮಾತ್ರ ನನ್ನಂಥವರೇ ಹೆಚ್ಚು. ಜೋಳದ ನುಚ್ಚು, ಮಜ್ಜಿಗೆ, ಉಳಿದ ರೊಟ್ಟಿ ಹಾಕಿ ಬೆಳೆಸುತ್ತೇವೆ.

ಮಾವ ಮರಿ ಕೊಡುವಾಗ ರೊಕ್ಕ ಕೇಳಲಿಲ್ಲ. ಮೊದಲ ಸೂಲಿನಲ್ಲಿ ಒಂದು ಮರಿ ತಮಗೆ ಎಂದಿದ್ದರು. ಕೊಟ್ಟೆವು. ಉಳಿದವನ್ನು ಮಾರಿದ ರೊಕ್ಕದಲ್ಲಿ ಮಗಳ ಸಾಲಿ ಫೀ ಕಟ್ಟಿದೆವು, ಮಳೆಗಾಲದ ಮೊದಲು ಮನೆಯ ಪತ್ರಾಸ್ ಬದಲಿಸಿದೆವು. ಆದ್ದರಿಂದ ಚಿಗರಿಯನ್ನು ನಾವು ನಾಯಿ ಎಂದೂ ನೋಡುತ್ತಿದ್ದೆವು, ಮನೆಗೆ ಒಂದಿಷ್ಟು ತರುವವಳು ಎಂದೂ ನೋಡುತ್ತಿದ್ದೆವು. ಬೇನೆ ಬಂದಾಗ ಈ ಎರಡೂ ಎದುರುಬದುರು ನಿಂತವು.

ಆ ವರ್ಷ ಊರೂರಿಗೆ ಚರ್ಮಗಂಟು ರೋಗ. ದನಗಳ ಮೈತುಂಬ ಗಂಟು, ಕಾಲು ಬಾವು, ಜ್ವರ. ಮಾವನ ಎತ್ತೂ ಮಲಗಿತ್ತು. ದನದ ಸಂತೆ ಬಂದ್ ಆಗಿದ್ದವು. ಪಶು ಡಾಕ್ಟರುಗಳು ಲಸಿಕೆ ಪೆಟ್ಟಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗುತ್ತಿದ್ದರು. ಚಿಗರಿ ಬೆದೆಗೆ ಬಂದಾಗ ಮಾವ ಗಂಡು ನಾಯಿ ತರಬೇಕಿತ್ತು, ಎತ್ತು ಬಿಟ್ಟು ಬರಲಾಗಲಿಲ್ಲ. ಬೆದೆ ಹಾಗೇ ಇಳಿಯಿತು.

ಅದಾಗಿ ಒಂದೂವರೆ ತಿಂಗಳಿಗೆ ಶುರುವಾಯಿತು. ಅವ್ವ ಮೊದಲು ಗಮನಿಸಿದ್ದು ನೀರು. ಹಿತ್ತಲ ಕಲ್ಲಿನ ದೋಣಿಗೆ ಮುಂಜಾನೆ ತುಂಬಿದ ನೀರು ಸಂಜೆಯ ತನಕ ಬರುತ್ತಿತ್ತು. ಈಗ ಮಧ್ಯಾಹ್ನಕ್ಕೇ ತಳ ಕಾಣತೊಡಗಿತು. ರಾತ್ರಿ ಬಾಗಿಲು ಕೆರೆದು ಕೆರೆದು ಉಚ್ಚೆಗೆ ಹೊರಗೆ ಹೋಗುತ್ತಿತ್ತು. ಬಿಸಿಲಿನ ದಿನವಲ್ಲ, ಓಡಾಡಿ ದಣಿದದ್ದೂ ಇಲ್ಲ. ಆಮೇಲೆ ನುಚ್ಚು ಮೂಸಿ ಹಿಂದೆ ಸರಿಯಿತು. ಬಾಲದ ಕೆಳಗೆ ಒಂದೇ ಸಮ ನೆಕ್ಕಿಕೊಳ್ಳುತ್ತಿತ್ತು. ಒಂದು ದಿನ ಹಳದಿ ನೀರು ಕಾರಿತು.

ಮುಧೋಳ ನಾಯಿಗೆ ಬೇನೆ ಬಂದದ್ದು ಬೇರೆಯವರಿಗೆ ಬೇಗ ಗೊತ್ತಾಗುವುದಿಲ್ಲ. ಮೊದಲೇ ಪಕ್ಕೆಲುಬು ಎಣಿಸುವಂಥ ಮೈ, ಸೊಂಟದ ಹತ್ತಿರ ಒಳಗೆ ಸೇದಿಕೊಂಡ ಹೊಟ್ಟೆ. ಸೊರಗಿದರೂ ಆರಾಮಿದ್ದ ಹಾಗೇ ಕಾಣುತ್ತದೆ. ಚಿಗರಿಯ ಹೊಟ್ಟೆ ಮಾತ್ರ ಇಳಿಯುವ ಬದಲು ತುಂಬಿಕೊಂಡಿತ್ತು. ಓಣಿಯವರು ನೋಡಿ, "ಗಬ್ಬ ಆಗೈತಿ ಬಿಡ್ರಿ, ಅದಕ್ಕ ಉಣ್ಣವಲ್ದು" ಅಂದರು. ಗಂಡು ನಾಯಿಯ ಹತ್ತಿರವೇ ಸುಳಿಯದ ನಾಯಿ ಗಬ್ಬ ಆಗುವುದು ಹೇಗೆ? ಅವ್ವ ಅದರ ಹೊಟ್ಟೆಯ ಮೇಲೆ ಕೈ ಆಡಿಸಿ ಹೇಳಿದಳು, "ಇದು ಮರಿ ಅಲ್ಲ. ಹೆಂಗಸರ ಬೇನಿ ಇದು. ಗರ್ಭಚೀಲದಾಗ ಏನೋ ಕೆಟ್ಟೈತಿ."

ಓಣಿಯ ವೈದ್ಯ ಬಹಳ. ಒಬ್ಬರು ಮಜ್ಜಿಗೆಗೆ ಇಂಗು ಅಂದರು, ಒಬ್ಬರು ಅರಿಶಿನ ಅಂದರು. ಔಷಧ ಅಂಗಡಿಗೆ ಹೋದಾಗ ಅಲ್ಲಿದ್ದ ಹುಡುಗ ಜ್ವರದ ಗುಳಿಗೆ ಅರ್ಧ ಮಾಡಿ ಹಾಕಿರಿ ಎಂದ. ಅವ್ವ ಹಾಕಗೊಡಲಿಲ್ಲ. "ಮನಷ್ಯಾರ ಗುಳಿಗಿ ನಾಯಿಗ್ಯಾಕ? ಕೇಳಿ ಹಾಕೋಣ ತಡಿ." ಮನುಷ್ಯರು ತಿನ್ನುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಗುಳಿಗೆಗಳು ನಾಯಿಯ ಯಕೃತ್ತು, ಮೂತ್ರಪಿಂಡ, ಕರುಳು ಕೆಡಿಸುತ್ತವೆ, ಡಾಕ್ಟರು ಹೇಳದೆ ಹಾಕಲೇಬಾರದು ಎಂಬುದು ನಮಗೆ ಆಮೇಲೆ ತಿಳಿಯಿತು.

ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ರಬಕವಿಯಲ್ಲಿದ್ದಾರೆ. ಎಲ್ಲರೂ ಅವರನ್ನು ಕಂಪೌಂಡರ್ ಕಾಕಾ ಅನ್ನುತ್ತಾರೆ. ಫೋನ್ ಮಾಡಿದೆ. ಅವರು ಔಷಧ ಹೇಳಲಿಲ್ಲ, ನೋಡುವುದನ್ನು ಹೇಳಿಕೊಟ್ಟರು.

"ತುಟಿ ಎತ್ತಿ ಒಸಡು ನೋಡಪಾ. ಏನ ಬಣ್ಣ ಐತಿ?"

"ಬೆಳ್ಳಗ ಕಾಣ್ತೈತ್ರಿ ಕಾಕಾ."

"ಹೆಬ್ಬೆರಳಿಂದ ಒತ್ತಿ ಬಿಡು. ಕೆಂಪು ಹೊಳ್ಳಿ ಬರಾಕ ಎಷ್ಟೊತ್ತು ಹಿಡೀತೈತಿ ನೋಡು. ಎರಡು ಸೆಕೆಂಡಿನೊಳಗ ಬರಬೇಕು."

ಹೆಂಡತಿ ಬಾಯಿ ಹಿಡಿದಳು, ನಾನು ಒತ್ತಿ ಬಿಟ್ಟೆ. ಒತ್ತಿದ ಜಾಗ ಬೂದಿ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಒಂದು, ಎರಡು, ಮೂರು ಅಂದ ಮೇಲೆ ಮೆಲ್ಲಗೆ ಕೆಂಪು ಹರಿಯಿತು. ಭುಜದ ಮೇಲಿನ ಚರ್ಮ ಹಿಡಿದು ಎತ್ತಿ ಬಿಡು ಅಂದರು. ಬಿಟ್ಟ ಕೂಡಲೇ ಕೂರಬೇಕಾದ ಚರ್ಮ ಮಡಿಕೆಯಾಗಿ ನಿಂತೇ ಇತ್ತು. ಅಷ್ಟು ನೀರು ಕುಡಿಯುವ ನಾಯಿಯ ಮೈಯಲ್ಲಿ ನೀರೇ ಇರಲಿಲ್ಲ.

"ಇನ್ನ ಮನ್ಯಾಗ ಇಟಗೊಂಡು ನೋಡೋದಲ್ಲ ಇದು. ಇವತ್ತ ದವಾಖಾನಿಗೆ ಹಾಕ್ಕೊಂಡು ಹೋಗು. ರೊಕ್ಕದ ಮಾತು ಆಮ್ಯಾಲ," ಅಂದರು ಕಾಕಾ.

ಟಂಟಂನಲ್ಲಿ ಗೋಣಿಚೀಲ ಹಾಸಿ ಚಿಗರಿಯನ್ನು ಮಲಗಿಸಿಕೊಂಡು ಜಮಖಂಡಿಗೆ ಹೋದೆವು. ಡಾಕ್ಟರು ಲಸಿಕೆ ಹಾಕಲು ಹಳ್ಳಿಗೆ ಹೋದವರು ಮಧ್ಯಾಹ್ನ ಬಂದರು. ಬೂಟಿನ ಕೆಸರು ಒರೆಸಿಕೊಳ್ಳುವ ಮೊದಲೇ ನಾಯಿ ನೋಡಿದರು. ಥರ್ಮಾಮೀಟರ್ ಇಟ್ಟರು, ಹೊಟ್ಟೆ ಒತ್ತಿ ನೋಡಿದರು, ಬೆದೆಗೆ ಬಂದದ್ದು ಯಾವಾಗ ಎಂದು ಕೇಳಿದರು. ಅವ್ವ ತಿಥಿ ಲೆಕ್ಕ ಹಾಕಿ ಹೇಳಿದಳು. ಆ ಒಂದು ಉತ್ತರದಲ್ಲಿ ಅವರಿಗೆ ಅರ್ಧ ರೋಗ ತಿಳಿಯಿತು.

ಬೆದೆ ಇಳಿದ ಮೇಲೆ ನಾಯಿ ಗಬ್ಬ ಆಗಲಿ ಬಿಡಲಿ, ಗರ್ಭಕೋಶ ಮರಿಗಾಗಿ ತಯಾರಿ ಮಾಡಿಕೊಳ್ಳುತ್ತದಂತೆ, ಒಳಗಿನ ಪದರ ದಪ್ಪವಾಗುತ್ತದಂತೆ. ಅದರಲ್ಲಿ ಕ್ರಿಮಿ ಸೇರಿದರೆ ಕೀವು ತುಂಬುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಕೀವು ಹೊರಗೆ ಸೋರುತ್ತದೆ, ಕಣ್ಣಿಗೆ ಬೀಳುತ್ತದೆ. ಮುಚ್ಚಿದ್ದರೆ ಒಳಗೇ ತುಂಬಿ ಹೊಟ್ಟೆ ಉಬ್ಬುತ್ತದೆ, ನಂಜು ರಕ್ತಕ್ಕೆ ಏರುತ್ತದೆ. ಆ ನಂಜಿಗೆ ಮೂತ್ರಪಿಂಡ ನೀರು ಹಿಡಿದಿಡಲಾರದು, ಅದಕ್ಕೇ ಅಷ್ಟು ಬಾಯಾರಿಕೆ, ಅಷ್ಟು ಉಚ್ಚೆ. ಇದಕ್ಕೆ ಪಯೊಮೆಟ್ರಾ ಅನ್ನುತ್ತಾರೆ. ಮೂರ್ನಾಲ್ಕು ವರ್ಷ ದಾಟಿದ, ಸಂತಾನಹರಣ ಆಗದ ಹೆಣ್ಣು ನಾಯಿಗಳಲ್ಲಿ ಅಪರೂಪದ್ದೇನಲ್ಲ. ಸ್ವೀಡನ್ ದೇಶದಲ್ಲಿ ವಿಮೆ ಮಾಡಿಸಿದ ನಾಯಿಗಳ ಲೆಕ್ಕ ತೆಗೆದಾಗ, ಹತ್ತು ವರ್ಷ ತುಂಬುವುದರೊಳಗೆ ಹೆಚ್ಚು ಕಡಿಮೆ ನಾಲ್ಕು ಹೆಣ್ಣು ನಾಯಿಗಳಲ್ಲಿ ಒಂದಕ್ಕೆ ಈ ಬೇನೆ ಬಂದಿತ್ತು ಎಂದು ಅವರು ಹೇಳಿದರು.

ಸಲೈನ್ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಹೊರಗಿನಿಂದ ತರಬೇಕಾದ ಔಷಧ ಬರೆದುಕೊಟ್ಟರು. ಆಮೇಲೆ ನೇರವಾಗಿ ಹೇಳಿದರು, "ಇದು ಟೈಮ್ ಕೊಟ್ಟಿದ್ದಷ್ಟ. ಸ್ಕ್ಯಾನ್ ಮಾಡಿಸಿ ಗರ್ಭಕೋಶ ತಗೀಬೇಕು. ಈ ಜಾತಿ ನಾಯಿಗೆ ಅರಿವಳಿಕೆ ನೋಡಿ ಕೊಡಬೇಕಾಗ್ತೈತಿ, ಅದಕ್ಕ ಬೇಕಾದ ಸಾಮಾನು ನನ್ನ ಕಡೆ ಇಲ್ಲ. ವಿಜಯಪುರಕ್ಕೋ ಬೆಳಗಾವಿಗೋ ಒಯ್ಯಿರಿ. ನಾಳಿ ಸಂಜಿ ತನಕ ಕಾಯಬ್ಯಾಡ್ರಿ."

ಖರ್ಚು ಎಷ್ಟಾದೀತು ಎಂದು ಕೇಳಿದೆ. ಖಾಸಗಿಯಲ್ಲಿ ಎಲ್ಲ ಸೇರಿ ₹12,000 ದಿಂದ ₹15,000 ಹಿಡಿಯಿರಿ ಅಂದರು. ಪಶುವೈದ್ಯ ಕಾಲೇಜುಗಳ ಆಸ್ಪತ್ರೆಯಲ್ಲಿ ಕಡಿಮೆ ಆಗುತ್ತದೆ. ಆದರೆ ಗದಗ, ಬೀದರ್, ಹೆಬ್ಬಾಳ ಎಂದು ಅಷ್ಟು ದೂರ ಒಯ್ಯುವ ಸ್ಥಿತಿಯಲ್ಲಿ ನಾಯಿ ಇರಲಿಲ್ಲ.

ಆ ರಾತ್ರಿ ಮನೆಯಲ್ಲಿ ನಡೆದ ಮಾತು ಸಣ್ಣದಲ್ಲ. ದೀಪಾವಳಿ ಖರ್ಚು ಆಗಲೇ ಮುಗಿದಿತ್ತು, ಬಟವಾಡೆಗೆ ಇನ್ನೂ ಮೂರು ದಿನ. ಮಾವ ಫೋನಿನಲ್ಲಿ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಇತ್ತು. "ಅಳಿಯಾ, ಗರ್ಭಚೀಲ ತಗದ ಮ್ಯಾಲ ಅದು ಮರಿ ಹಾಕೂದಿಲ್ಲ. ಅಷ್ಟ ರೊಕ್ಕಕ್ಕ ಎರಡು ಚಲೋ ಹೆಣ್ಣಮರಿ ಬರ್ತಾವ. ನಾನ ಒಂದು ಕೊಡ್ತೇನಿ, ತಗೋ. ಎತ್ತಿಗೆ ಮಾಡಿದ ಖರ್ಚಿಗೆ ನಾನೂ ಹಣ್ಣಾಗೇನಿ." ಮಾವ ಕೆಟ್ಟವರಲ್ಲ. ರೈತ ಮನುಷ್ಯ ದುಡಿಯುವ ಪ್ರಾಣಿಯ ಬಗ್ಗೆ ಹೇಗೆ ಲೆಕ್ಕ ಹಾಕುತ್ತಾನೋ ಹಾಗೆ ಹಾಕಿದರು. ಆಕಳಿಗಾದರೆ ಕಿವಿಗೆ ಬಿಲ್ಲೆ ಹೊಡೆದು ವಿಮೆ ಮಾಡಿಸುತ್ತಾರೆ. ನಾಯಿಗೆ ವಿಮೆ ಮಾಡಿಸಿದವರನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ.

ಹೆಂಡತಿ ಸುಮ್ಮನೆ ಕೇಳಿಸಿಕೊಂಡು, "ಮಗಳ ಬಸ್ ಪಾಸು, ಗ್ಯಾಸ್ ಎರಡೂ ಈ ವಾರ ಬರ್ತಾವ" ಅಂದಳು. ಅದೂ ಸುಳ್ಳಲ್ಲ.

ಅವ್ವ ಕಂಡಿಕೆ ಸುತ್ತುವ ರಾಟಿಯ ಮುಂದೆ ಕೂತಿದ್ದಳು. "ನೀವು ಎರಡು ಮಾತು ಕೂಡಿಸಿ ಆಡಾಕತ್ತೀರಿ," ಅಂದಳು. "ನಾಯಿಗಿ ದವಾಖಾನಿ ಬೇಕೋ ಬ್ಯಾಡೋ ಅನ್ನೂದು ಒಂದು ಮಾತು. ಅದಕ್ಕ ಡಾಕ್ಟ್ರು ಹೇಳ್ಯಾರ, ಬೇಕು. ರೊಕ್ಕ ಎಲ್ಲಿಂದ ಅನ್ನೂದು ಇನ್ನೊಂದು ಮಾತು. ಅದಕ್ಕ ನಾವು ಹೇಳಬೇಕು. ರೊಕ್ಕ ಇಲ್ಲಂತ ಬೇನಿ ಸಣ್ಣದು ಅನಬ್ಯಾಡ್ರಿ. ಆಗೂದಿಲ್ಲ ಅಂದ್ರ ಆಗೂದಿಲ್ಲ ಅನ್ರಿ, ಡಾಕ್ಟ್ರಿಗೆ ಹೇಳಿ ಸೂಜಿ ಮಾಡಸ್ರಿ, ನರಳಿಸಬ್ಯಾಡ್ರಿ."

ಮೂರನೆಯ ದಾರಿಯನ್ನೂ ಅವಳೇ ಬಾಯಿ ಬಿಟ್ಟು ಹೇಳಿದ್ದರಿಂದ ನಮಗೆ ಉಸಿರಾಡಲು ಆಯಿತು. ಅಲ್ಲಿಯ ತನಕ ಎಲ್ಲರೂ ಅದರ ಸುತ್ತ ತಿರುಗುತ್ತಿದ್ದೆವು. ನರಳುವ ಪ್ರಾಣಿಯನ್ನು ಡಾಕ್ಟರ ಕೈಯಿಂದ ನೋವಿಲ್ಲದೆ ಕಳಿಸಿಕೊಡುವುದು ಪಾಪವೇನಲ್ಲ. ದಿನ ನೂಕುತ್ತಾ ಹಿತ್ತಲಲ್ಲಿ ಮಲಗಿಸಿಡುವುದೇ ಪಾಪ ಎಂದು ಅವ್ವನ ಅಭಿಪ್ರಾಯ. ಇದನ್ನೆಲ್ಲ ತೂಗಿ ನೋಡಿದೆವು. ಚಿಗರಿಗೆ ಆಗ ಐದು ವರ್ಷ. ಬದುಕಿದರೆ ಇನ್ನೂ ಅಷ್ಟೇ ವರ್ಷ ಬದುಕುವ ನಾಯಿ. ಮಾಡಿಸೋಣ ಎಂದು ನಿರ್ಧಾರವಾಯಿತು.

ರೊಕ್ಕ ಮೂರು ಕಡೆಯಿಂದ ಬಂತು. ಅವ್ವ ತನ್ನ ಹೆಂಗಸರ ಸಂಘದಲ್ಲಿ ₹5,000 ಸಾಲ ತೆಗೆದಳು. ಬಾಕಿ, ಅಂದರೆ ಮುಂಗಡ, ಕೊಡಿರಿ ಎಂದು ಮಾಲೀಕರನ್ನು ಕೇಳಿದೆ. ನಾಯಿಗಂತ ಕೇಳಿದವನು ನೀನೇ ಮೊದಲು ಎಂದು ನಕ್ಕರು. ಆದರೂ ₹6,000 ಕೊಟ್ಟರು, ವಾರದ ಬಟವಾಡೆಯಲ್ಲಿ ಮುರಿದುಕೊಳ್ಳುವ ಕರಾರಿನ ಮೇಲೆ. ಉಳಿದದ್ದು ಮನೆಯಲ್ಲಿ ಡಬ್ಬಿಗಳಲ್ಲಿ ಇದ್ದದ್ದು. ಮಾವ ಮಾತಿನಲ್ಲಿ ಬೇಡ ಅಂದವರು ಮರುದಿನ ಬೆಳಗಾಗುವುದರೊಳಗೆ ಫೋನ್‌ಪೇ ಮೇಲೆ ₹1,000 ಹಾಕಿದ್ದರು.

ಪರಿಚಯದವರ ಓಮ್ನಿಯಲ್ಲಿ ವಿಜಯಪುರಕ್ಕೆ ಹೊರಟೆವು. ಪೆಟ್ರೋಲಿಗೆ ಆದಷ್ಟೇ ಬಾಡಿಗೆ. ಜಮಖಂಡಿ ದಾಟಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆ ಬಂದಳು. ಅಲ್ಲಿ ಶ್ರಮಬಿಂದು ಸಾಗರ ಬ್ಯಾರೇಜ್ ಇದೆ. ಸರ್ಕಾರ ಕಟ್ಟಲಿಲ್ಲ ಎಂದು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಈ ಭಾಗದ ರೈತರು ವಂತಿಗೆ ಕೂಡಿಸಿ, ಮೈಮುರಿದು ದುಡಿದು 1989ರಲ್ಲಿ ಕಟ್ಟಿದ್ದು. ಓಮ್ನಿ ನಡೆಸುವವನ ಅಪ್ಪನೂ ಅಲ್ಲಿ ಕಲ್ಲು ಹೊತ್ತಿದ್ದನಂತೆ. "ಒಬ್ಬೊಬ್ಬರ ಕಡೆ ಏನೂ ಇರಲಿಲ್ರಿ, ಕೂಡಿದ್ರ ಹೊಳೀನ ನಿಂತತು" ಅಂದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಖಾಸಗಿ ಕ್ಲಿನಿಕ್‌ನ ಡಾಕ್ಟರು ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಕಪ್ಪು ಕೊಳವೆಗಳು ಹೊಟ್ಟೆ ತುಂಬ ಸುತ್ತಿಕೊಂಡು ಕಂಡವು. ಕಪ್ಪಾಗಿ ಕಾಣುವುದೆಲ್ಲ ಕೀವು ಅಂದರು. ಆಪರೇಷನ್ ಇಲ್ಲದೆ ಇಂಜೆಕ್ಷನ್ ಮೇಲೆ ಇಳಿಸುವ ಚಿಕಿತ್ಸೆ ಇದೆಯಂತೆ, ಬೆಲೆಬಾಳುವ ಗಂಡು-ಹೆಣ್ಣಿನ ಜೋಡಿ ಇಟ್ಟುಕೊಂಡು ಮರಿ ಮಾಡಿಸುವವರು ಕೇಳುತ್ತಾರಂತೆ. ಆದರೆ ಗರ್ಭಕೋಶದ ಬಾಯಿ ಮುಚ್ಚಿದ್ದಾಗ, ನಾಯಿ ಇಷ್ಟು ಇಳಿದಾಗ ಅದು ಸಲ್ಲದು. ವಾಸಿಯಾದರೂ ಮುಂದಿನ ಬೆದೆಯ ನಂತರ ಮರುಕಳಿಸುವುದು ಜಾಸ್ತಿ ಎಂದರು. ಮರಿಯ ಆಸೆ ಅಲ್ಲಿಗೆ ತೀರಿತು.

ಆಗ ನಾನು ಕಂಪೌಂಡರ್ ಕಾಕಾ ಹೇಳಿಕೊಟ್ಟಿದ್ದನ್ನು ಕೇಳಿದೆ. "ಡಾಕ್ಟ್ರ, ನಮ್ಮ ಕಡೆ ಇಷ್ಟ ರೊಕ್ಕ ಐತ್ರಿ. ಇದರಾಗ ಇವತ್ತ ಬೇಕ ಬೇಕಾದ್ದು ಯಾವುದು, ಬಿಡಬಹುದಾದ್ದು ಯಾವುದು, ಹೇಳ್ರಿ." ನಾಚಿಕೆ ಆಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಅವರು ಕಾಗದ ತೆಗೆದುಕೊಂಡು ಗೆರೆ ಎಳೆದರು. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ್ದು, ರಕ್ತಕಣಗಳದ್ದು ಬಿಡುವಂತಿಲ್ಲ. ಉಳಿದೆರಡು ಬಿಟ್ಟರು. ಆಪರೇಷನ್ ಆದ ಮೇಲೆ ಕ್ಲಿನಿಕ್‌ನಲ್ಲಿ ಒಂದೇ ರಾತ್ರಿ ಇಟ್ಟುಕೊಂಡು, ಮುಂದಿನ ಇಂಜೆಕ್ಷನ್ ಜಮಖಂಡಿಯ ಡಾಕ್ಟರ ಕಡೆ ಹಾಕಿಸಿಕೊಳ್ಳಿ ಎಂದರು. ಅಷ್ಟರಲ್ಲೇ ₹3,000 ಉಳಿಯಿತು. ಅರ್ಧ ಈಗ, ಅರ್ಧ ಹೊಲಿಗೆ ಬಿಚ್ಚುವಾಗ ಎಂದು ಅವರೇ ಹೇಳಿದರು.

ಅರಿವಳಿಕೆಯ ಬಗ್ಗೆ ಅವರು ಬಿಡಿಸಿ ಹೇಳಿದ್ದು ನಮ್ಮ ಕಡೆಯ ನಾಯಿ ಸಾಕುವ ಎಲ್ಲರೂ ತಿಳಿದಿರಬೇಕು. ಓಟದ ತಳಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟಾಲ್‌ನಂಥ ಹಳೆಯ ಔಷಧ ಕೊಟ್ಟರೆ ಅದು ಮೈಯಿಂದ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ, ನಾಯಿ ಏಳುವುದು ತಡವಾಗುತ್ತದೆ. ಅದಕ್ಕೇ ಬೇರೆ ಔಷಧ ಬಳಸುತ್ತಾರೆ, ಮೈ ತಣ್ಣಗಾಗದಂತೆ ಹೊದಿಸಿರುತ್ತಾರೆ. ಯಾವ ಡಾಕ್ಟರ ಕಡೆ ಹೋದರೂ ಇದು ಮುಧೋಳ ನಾಯಿ ಎಂದು ಮೊದಲೇ ಹೇಳಬೇಕು.

ಮೊದಲು ಸಲೈನ್ ಏರಿಸಿ ಮೈ ಸ್ವಲ್ಪ ಸುಧಾರಿಸಿದ ಮೇಲೆ ಒಳಗೆ ಒಯ್ದರು. ಮುಗಿದ ಮೇಲೆ ಸಹಾಯಕ ಸ್ಟೀಲ್ ಟ್ರೇ ತಂದು ತೋರಿಸಿದ. ಎರಡು ಕವಲಿನ ಗರ್ಭಕೋಶ, ಕೀವು ತುಂಬಿ ನನ್ನ ಮುಂಗೈಯಷ್ಟು ದಪ್ಪ, ನೇರಳೆ ಬಣ್ಣ, ಮೇಲೆ ರಕ್ತನಾಳಗಳ ಬಲೆ. ಇಷ್ಟನ್ನು ಹೊತ್ತುಕೊಂಡು ಆ ನಾಯಿ ಎರಡು ದಿನದ ಹಿಂದೆ ನಾನು ಮಗ್ಗದಿಂದ ಬಂದಾಗ ಎದ್ದು ಬಾಗಿಲಿಗೆ ಬಂದಿತ್ತು. ಅವ್ವ ಟ್ರೇ ನೋಡಿ, "ನಾ ಹೇಳಿಲ್ಲೇನು" ಎಂದಳು, ಅಷ್ಟೇ.

ಆ ರಾತ್ರಿ ಕ್ಲಿನಿಕ್‌ನ ವರಾಂಡದಲ್ಲಿ ಕೂತೆ. ಚಿಗರಿ ತಡವಾಗಿಯೇ ಎಚ್ಚರವಾಯಿತು. ಮುಂಜಾನೆ ಡಾಕ್ಟರು ಒಸಡು ಒತ್ತಿ ತೋರಿಸಿದರು, ಈ ಸಲ ಕೆಂಪು ಬೇಗ ಹರಿಯಿತು. ಮನೆಗೆ ಬಂದ ಮೇಲೆ ನೀರು ಕುಡಿಯುವುದು ಹಳೆಯ ಮಟ್ಟಕ್ಕೆ ಇಳಿಯಲು ಕೆಲವು ವಾರ ಬೇಕಾಯಿತು. ಹೊಲಿಗೆ ನೆಕ್ಕದಿರಲೆಂದು ಮಗಳ ಹಳೆಯ ಅಂಗಿ ತೊಡಿಸಿದ್ದೆವು. ಅದನ್ನು ನೋಡಲು ಓಣಿಯ ಹುಡುಗರೆಲ್ಲ ಬಂದರು.

ಖರ್ಚಿನ ಚೀಟಿ ಇನ್ನೂ ಇಟ್ಟಿದ್ದೇನೆ. ಜಮಖಂಡಿ, ವಿಜಯಪುರ, ಬಾಡಿಗೆ, ಔಷಧ ಎಲ್ಲ ಸೇರಿ ₹14,000 ದಾಟಿತು. ಅದರಲ್ಲಿ ಆಪರೇಷನ್ನಿನದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ವಾಹನದ ಬಾಡಿಗೆ, ಹೊರಗಿನ ಔಷಧ, ಪರೀಕ್ಷೆ ಇವೆಲ್ಲ ಉಳಿದ ಅರ್ಧ. ನಾನು ಮಗ್ಗ ಬಿಟ್ಟ ದಿನಗಳ ಮಜೂರಿ ಈ ಲೆಕ್ಕದಲ್ಲಿ ಇಲ್ಲ. ಬಾಕಿ ಮುರಿದು ಕೈಗೆ ಬರುತ್ತಿದ್ದ ಬಟವಾಡೆಯಲ್ಲಿ ಯುಗಾದಿಯ ತನಕ ಕೈ ಬಿಗಿ ಹಿಡಿದೇ ಸಂಸಾರ ನಡೆಯಿತು. ಅವ್ವ ಸಂಘದ ಸಾಲವನ್ನು ಕಂಡಿಕೆಯ ರೊಕ್ಕದಲ್ಲಿ ತೀರಿಸಿದಳು. ಮಾವ ಕೊಡುತ್ತೇನೆ ಎಂದ ಮರಿಯನ್ನು ನಾವು ತೆಗೆದುಕೊಳ್ಳಲಿಲ್ಲ. ಒಂದಕ್ಕೇ ಸಾಕಾಗಿತ್ತು.

ನಮ್ಮ ಓಣಿಯಲ್ಲೂ ಪಕ್ಕದ ಓಣಿಯಲ್ಲೂ ನಾಯಿ ಸಾಕಿದ ಹನ್ನೊಂದು ಮನೆಗಳಿವೆ. ಮರುವರ್ಷ ಎಲ್ಲರೂ ಸೇರಿ ಒಂದು ಭಿಶಿ ಹಚ್ಚಿದೆವು. ವಾರಕ್ಕೆ ಮನೆಗೆ ₹30, ಬಟವಾಡೆಯ ದಿನವೇ ಕಟ್ಟಬೇಕು. ಬೇರೆ ಭಿಶಿಯಂತೆ ಇದರಲ್ಲಿ ಚೀಟಿ ಎತ್ತುವುದಿಲ್ಲ, ಯಾರ ನಾಯಿ ಮಲಗುತ್ತದೋ ಅವರಿಗೆ ರೊಕ್ಕ. ಎತ್ತಿದವರು ಕಂತಿನ ಮೇಲೆ ತುಂಬಿಕೊಡಬೇಕು. ಮೊದಲು ಎತ್ತಿದವರು ಪಾರ್ವೋ ಬಂದ ಮರಿಯ ಮನೆಯವರು. ಸಲೈನ್ ಹಚ್ಚಿಸಿ ನಾಲ್ಕು ದಿನ ಕಾದರೂ ಮರಿ ಉಳಿಯಲಿಲ್ಲ. ರೊಕ್ಕ ಮಾತ್ರ ಅವರು ಪೂರ್ತಿ ತುಂಬಿದರು. ಅದಾದ ಮೇಲೆ ಮರಿ ತಂದ ಮನೆಯವರು ಆರೆಂಟು ವಾರಕ್ಕೇ ಲಸಿಕೆ ಹಾಕಿಸಬೇಕು ಎಂಬ ಕರಾರು ಸೇರಿತು, ಲಸಿಕೆಗೆ ಭಿಶಿಯಿಂದಲೇ ಕೈಗಡ ಕೊಡುತ್ತೇವೆ.

ಭಿಶಿಗೆ ಅವ್ವ ಹೇಳಿ ಬರೆಸಿದ ನಿಯಮ ಒಂದೇ. ರೊಕ್ಕ ಕೇಳಲು ಬಂದವರಿಗೆ ಎಷ್ಟು ಬೇಕು ಎಂದು ಮೊದಲು ಕೇಳುವಂತಿಲ್ಲ. ಒಸಡು ಒತ್ತಿ ನೋಡಿದಿರಾ, ನೀರು ಎಷ್ಟು ಕುಡಿಯುತ್ತದೆ, ಡಾಕ್ಟರು ಏನೆಂದರು, ಇಷ್ಟನ್ನು ಕೇಳಿ ಮುಗಿಸಿದ ಮೇಲೆಯೇ ಲೆಕ್ಕದ ಪುಸ್ತಕ ತೆಗೆಯಬೇಕು.